ಅಜ್ಜಿ, ನಾಲ್ಕು ಕಾಲಿನ ಕೋಳಿ ಮತ್ತು ಎರಡೆಳೆ ದಾರ

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ, ಯುಕೆಜಿ ಓದುತ್ತಿದ್ದಾಳೆ. ಎ4 ಹಾಳೆಯ ಮೇಲೆ ಅವಳ ಅಜ್ಜಿಯ ಚಿತ್ರ ಬಿಡಿಸಿದ್ದಾಳೆ. ಹೊರಗೆರೆಗೆ ಕಪ್ಪು ಸ್ಕೆಚ್ ಪೆನ್, ಬಣ್ಣಕ್ಕೆ ಕ್ರೇಯಾನ್. ಕೆಂಪು ಸೀರೆ, ದೊಡ್ಡ ತುರುಬು, ಪಕ್ಕದಲ್ಲಿ ತುಳಸಿ ಕಟ್ಟೆ, ನಾಲ್ಕು ಕಾಲಿನ ಒಂದು ಕೋಳಿ, ಮೂಲೆಯಲ್ಲಿ ಸೂರ್ಯ. ಕೆಳಗೆ ‘ಅಜ್ಜಿ’ ಅಂತ ಬರೆದಿದ್ದಾಳೆ, ಆದರೆ ಜ ಒತ್ತು ‘ಅ’ ಅಕ್ಷರದ ಕೆಳಗೆ ಹೋಗಿ ಕೂತಿದೆ. ಡಿಸೆಂಬರ್‌ನಲ್ಲಿ ನಮ್ಮ ಅತ್ತೆಯವರಿಗೆ 70 ತುಂಬುತ್ತದೆ. ಈ ಚಿತ್ರವನ್ನೇ ಕೈಯಲ್ಲಿ ಎಂಬ್ರಾಯ್ಡರಿ ಮಾಡಿ, 16 ಇಂಚಿನ ದಿಂಬಿನ ಕವರ್ ಹೊಲಿಸಿ ಕೊಡೋಣವೆಂದಿದ್ದೇನೆ. ಶಾಲೆಯಲ್ಲಿ ಕಲಿತ ರನ್ನಿಂಗ್, ಬ್ಯಾಕ್, ಚೈನ್ ಸ್ಟಿಚ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಮೂಲ ಚಿತ್ರ ಹಾಳಾಗದಂತೆ ಬಟ್ಟೆಗೆ ಹೇಗೆ ಇಳಿಸಲಿ? ಕ್ರೇಯಾನ್ ಬಣ್ಣವನ್ನು ದಾರದಲ್ಲಿ ತುಂಬುವುದು ಹೇಗೆ? ಕೋಳಿಯ ಕಾಲು, ಒತ್ತು ಇವನ್ನೆಲ್ಲ ಸರಿ ಮಾಡಿಕೊಳ್ಳಲೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದ ಕೆಲಸವೆಲ್ಲ ಅದರ ಮೇಲೇ ನಿಂತಿದೆ. ಕೋಳಿಗೆ ನಾಲ್ಕು ಕಾಲು ಇರಲಿ. ಒತ್ತು ಎಲ್ಲಿ ಕೂತಿದೆಯೋ ಅಲ್ಲೇ ಇರಲಿ. ಅಜ್ಜಿ ತುಳಸಿ ಕಟ್ಟೆಗಿಂತ ಮೂರು ಪಟ್ಟು ದೊಡ್ಡವರಾಗಿದ್ದರೆ ಹಾಗೆಯೇ ಇರಲಿ. ಈ ವಯಸ್ಸಿನ ಮಕ್ಕಳು ಅಳತೆ ನೋಡಿ ಬರೆಯುವುದಿಲ್ಲ, ಮನಸ್ಸಿನಲ್ಲಿ ಯಾರು ದೊಡ್ಡವರೋ ಹಾಳೆಯ ಮೇಲೂ ಬಹಳ ಸಲ ಅವರೇ ದೊಡ್ಡವರು. ಮೂರು-ನಾಲ್ಕರ ಪ್ರಾಯದಲ್ಲಿ ತಲೆಯಿಂದಲೇ ನೇರ ಕೈಕಾಲು ಹೊರಡುತ್ತವೆ, ಹೊಟ್ಟೆ ಎನ್ನುವುದೇ ಇರುವುದಿಲ್ಲ. ಐದಾರಕ್ಕೆ ಬರುವಷ್ಟರಲ್ಲಿ ಮೈ ಬರುತ್ತದೆ, ಕೆಳಗೆ ನೆಲದ ಗೆರೆ ಬರುತ್ತದೆ, ಮೇಲೆ ಆಕಾಶದ ಪಟ್ಟಿ ಬರುತ್ತದೆ. ಇನ್ನೊಂದೆರಡು ವರ್ಷಕ್ಕೆ ನಿಮ್ಮ ಮಗಳು ಕೋಳಿಗೆ ಎರಡೇ ಕಾಲು ಹಾಕುತ್ತಾಳೆ, ಒತ್ತೂ ತನ್ನ ಜಾಗಕ್ಕೆ ಹೋಗುತ್ತದೆ. ನೀವು ಅತ್ತೆಯವರಿಗೆ ಕೊಡಹೊರಟಿರುವುದು ಈ ವರ್ಷದ ಕೈಯನ್ನು. ತಿದ್ದಿ ಚೆಂದ ಮಾಡಿದರೆ ಅದು ಪೇಟೆಯಲ್ಲಿ ಸಿಗುವ ಇನ್ನೊಂದು ಕೋಳಿ ಡಿಸೈನ್, ಅಷ್ಟೆ.

ತಿದ್ದುವುದಿಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ಸೂಜಿ ಹಿಡಿದ ಮೇಲೆ ದೊಡ್ಡವರ ಕೈ ತಾನಾಗಿ ತಿದ್ದಲು ಹೋಗುತ್ತದೆ. ಕೂಡದೆ ಬಿಟ್ಟ ದುಂಡನ್ನು ಕೂಡಿಸುತ್ತದೆ, ಎರಡು ಸಲ ಎಳೆದ ಗೆರೆಯನ್ನು ಒಂದು ಮಾಡುತ್ತದೆ, ನಡುಗಿದ ಕಡೆ ನುಣುಪು ಮಾಡುತ್ತದೆ. ಹಾಗಾಗಿ ಟ್ರೇಸಿಂಗ್ ಇರಲಿ, ಎಳೆಗಳ ಲೆಕ್ಕ ಇರಲಿ, ಹೊಲಿಗೆ ಇರಲಿ, ಪ್ರತಿಯೊಂದನ್ನೂ ಆ ಚಟಕ್ಕೆ ತಡೆ ಹಾಕುವಂತೆ ಆರಿಸಿಕೊಳ್ಳಬೇಕು.

ನೀವು ಹುಬ್ಬಳ್ಳಿಯವರಾದ್ದರಿಂದ ಮಧ್ಯೆ ಒಂದು ಮಾತು. ಮನೆಯ ಹಿರಿಯರು ಯಾರಾದರೂ ‘ಗವಂತಿ ಹಾಕು, ಮುರ್ಗಿ ಹಾಕು’ ಎಂದು ಸಲಹೆ ಕೊಟ್ಟಾರು; ಇವು ಕಸೂತಿಯ ಹೊಲಿಗೆಗಳ ಹೆಸರು. ಧಾರವಾಡದ ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವಂಥದ್ದು, ಅದಕ್ಕೆ ಟ್ರೇಸಿಂಗೇ ಇಲ್ಲ. ಅಲ್ಲಿ ಗೆರೆ ನೆಟ್ಟಗೆ, ಅಡ್ಡಕ್ಕೆ, ಓರೆಗೆ ಹೋಗುತ್ತದೆ; ಗೋಪುರಕ್ಕೆ, ತೇರಿಗೆ, ಆನೆಗೆ ಹೇಳಿ ಮಾಡಿಸಿದ್ದು. ಐದು ವರ್ಷದ ಮಗುವಿನ ಗೆರೆ ಆ ಲೆಕ್ಕಕ್ಕೆ ಸಿಗುವುದಿಲ್ಲ, ಸಿಕ್ಕಿಸಿದರೆ ಅದು ಮಗುವಿನದಾಗಿ ಉಳಿಯುವುದಿಲ್ಲ. ನಿಮ್ಮ ಕೆಲಸಕ್ಕೆ ಹತ್ತಿರದ್ದು ಕೌದಿ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲು ಸಾಲಾಗಿ ಹಾಕುತ್ತಾರಲ್ಲ, ಆ ರನ್ನಿಂಗ್ ಹೊಲಿಗೆಯೇ ಕ್ರೇಯಾನ್ ಬಣ್ಣ ತುಂಬಲು ಎಲ್ಲಕ್ಕಿಂತ ಚೆನ್ನಾಗಿ ಒದಗುತ್ತದೆ. ಬಿಹಾರದ ಮುಜಫ್ಫರ್‌ಪುರ ಜಿಲ್ಲೆಯ ಭುಸುರಾ ಎಂಬ ಹಳ್ಳಿಯ ಹೆಂಗಸರು ಸುಜನಿ ಎಂಬ ಕೆಲಸ ಮಾಡುತ್ತಾರೆ: ಮನುಷ್ಯರು, ಮರ, ಪ್ರಾಣಿಗಳ ಹೊರಗೆರೆಗೆ ಗಾಢ ಬಣ್ಣದ ಚೈನ್, ಒಳಗೆ ಸಣ್ಣ ಸಣ್ಣ ರನ್ನಿಂಗ್. ಕಥೆ ಹೇಳುವ ದೊಡ್ಡ ದೊಡ್ಡ ಚಿತ್ರಗಳೆಲ್ಲ ಹೆಚ್ಚುಕಮ್ಮಿ ಇವೆರಡರಲ್ಲೇ ಮುಗಿಯುತ್ತವೆ. ನಿಮಗೆ ಮೂರು ಹೊಲಿಗೆ ಬರುತ್ತದೆ, ಅಂದರೆ ಒಂದು ಹೆಚ್ಚೇ ಇದೆ.

ಈಗ ಕೆಲಸಕ್ಕೆ ಬರೋಣ. ಮೂಲ ಹಾಳೆಗೆ ಪೆನ್ಸಿಲ್ ಕೂಡ ತಾಗಿಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಎರಡು ಕಲರ್ ಕಾಪಿ ತೆಗೆಸಿ. ಕಪ್ಪು-ಬಿಳುಪು ಕಾಪಿಯಲ್ಲಿ ಹಳದಿ ಕ್ರೇಯಾನ್ ಮಾಯವಾಗಿಬಿಡುತ್ತದೆ, ಸೂರ್ಯನ ಕಿರಣಗಳನ್ನು ಆಮೇಲೆ ಹುಡುಕಬೇಕಾಗುತ್ತದೆ. ಹಾಳೆಯನ್ನು ಮೆಷಿನ್ನಿನ ಮೇಲಿನ ಸಂದಿನಲ್ಲಿ ತೂರಿಸಲು ಬಿಡದೆ ಗಾಜಿನ ಮೇಲೆ ಕವುಚಿ ಇಟ್ಟು ತೆಗೆಯಲು ಹೇಳಿ. ಕ್ರೇಯಾನ್ ಎಂದರೆ ಮೇಣ, ರೋಲರಿಗೆ ಸಿಕ್ಕರೆ ಉಜ್ಜಿಹೋಗುತ್ತದೆ. ಅಳತೆ ಬದಲಿಸಬೇಡಿ. ಎ4 ಹಾಳೆ ಸುಮಾರು 8.3 ಇಂಚು ಅಗಲ, 11.7 ಇಂಚು ಉದ್ದ. 16 ಇಂಚಿನ ದಿಂಬಿನಲ್ಲಿ ಮೇಲೆ ಕೆಳಗೆ ಎರಡೆರಡು ಇಂಚು ಬಿಟ್ಟು ಆರಾಮಾಗಿ ಕೂರುತ್ತದೆ. ಚಿತ್ರ ಚಿಕ್ಕದು ಮಾಡಿದಷ್ಟೂ ಕಷ್ಟ ನಿಮಗೇ. ಶೇ 71ಕ್ಕೆ ಇಳಿಸಿದರೆ ಎ4 ಹೋಗಿ ಎ5 ಆಗುತ್ತದೆ. ಆಗ ಕೋಳಿಯ ಕಣ್ಣು, ಅಜ್ಜಿಯ ಬೆರಳು ಇವೆಲ್ಲ ಸೂಜಿಗೆ ಸಿಗದಷ್ಟು ಸಣ್ಣವಾಗುತ್ತವೆ.

ಕಾಪಿ ಕೈಗೆ ಬಂದ ಮೇಲೆ ಮಗಳನ್ನು ಪಕ್ಕ ಕೂರಿಸಿಕೊಂಡು ಚಿತ್ರದ ಬಗ್ಗೆ ಮಾತಾಡಿಸಿ. ‘ಇದೇನಿದು?’ ಅನ್ನುವುದಕ್ಕಿಂತ ‘ಇದರ ಬಗ್ಗೆ ಹೇಳು’ ಅನ್ನಿ, ಹೆಚ್ಚು ಹೇಳುತ್ತಾಳೆ. ನೀವು ಕಲೆ ಎಂದುಕೊಂಡಿದ್ದು ಕೋಳಿಯ ಮೊಟ್ಟೆ ಇರಬಹುದು. ಏನೂ ಅಲ್ಲ ಎಂದು ಬಿಟ್ಟು ಹೊಲಿದ ಮೇಲೆ ಗೊತ್ತಾದರೆ ಅವಳು ಸುಮ್ಮನೆ ಬಿಡುವವಳಲ್ಲ.

ಬಟ್ಟೆಗೆ ಕೇಸ್‌ಮೆಂಟ್ ಕಾಟನ್ ಅಥವಾ ಸ್ವಲ್ಪ ದಪ್ಪ ಪಾಪ್ಲಿನ್ ತನ್ನಿ, ಬಿಳಿ ಅಥವಾ ಕೆನೆ ಬಣ್ಣ. ಅಂಗಡಿಯವರು ಎಂಬ್ರಾಯ್ಡರಿ ಎಂದ ಕೂಡಲೇ ಮಟ್ಟಿ ಬಟ್ಟೆ ತೋರಿಸುತ್ತಾರೆ. ಅದರ ನೇಯ್ಗೆಯಲ್ಲಿ ತೂತುಗಳು ಎದ್ದು ಕಾಣುತ್ತವೆ, ಸೂಜಿ ಬೇಡವೆಂದರೂ ಆ ತೂತಿಗೇ ಇಳಿಯುತ್ತದೆ, ವಾಲಿದ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಕ್ರಾಸ್ ಸ್ಟಿಚ್ಚಿಗೆ ಸರಿ, ನಿಮಗೆ ಬೇಡ. 22 ಇಂಚಿನ ಚೌಕ ಕತ್ತರಿಸಿ, ಅಂಚಿನಲ್ಲೂ ರಿಂಗ್ (ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಬಳೆ) ಹಾಕಲು ಜಾಗ ಸಿಗುತ್ತದೆ. ಕೆಲಸಕ್ಕೆ ಮುಂಚೆ ಒಮ್ಮೆ ಒಗೆದು ಇಸ್ತ್ರಿ ಮಾಡಿಕೊಳ್ಳಿ. ಒಗೆಯದೆ ಹೊಲಿದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗುತ್ತದೆ, ದಾರ ಅಷ್ಟು ಕುಗ್ಗುವುದಿಲ್ಲ, ಅಜ್ಜಿಯ ಮುಖದ ಸುತ್ತ ಸುಕ್ಕು ಬೀಳುತ್ತದೆ.

ಬಟ್ಟೆಗೆ ಇಳಿಸಲು ಬೆಳಗಿನ ಹೊತ್ತಿನ ಕಿಟಕಿ ಗಾಜು ಸಾಕು. ಕಾಪಿಯನ್ನು ಗಾಜಿಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಬಟ್ಟೆಯನ್ನು ಬಿಗಿಯಾಗಿ ಅಂಟಿಸಿ, ಕಾಣುವ ಗೆರೆಯ ಮೇಲೆ ನೀರಿಗೆ ಹೋಗುವ ನೀಲಿ ಮಾರ್ಕಿಂಗ್ ಪೆನ್ನಿನಿಂದ ಎಳೆಯಿರಿ. ಈ ಪೆನ್ನಿನ ಗುರುತಿರುವ ಬಟ್ಟೆಗೆ ಇಸ್ತ್ರಿ ತಾಗಿಸಬಾರದು, ಬಿಸಿಗೆ ಆ ನೀಲಿ ಕಚ್ಚಿಕೊಂಡು ಮತ್ತೆ ಹೋಗದೆ ಉಳಿಯಬಹುದು. ಬಿಸಿಗೆ ಮಾಯವಾಗುವ ಇನ್ನೊಂದು ಬಗೆಯ ಪೆನ್ನೂ ಇದೆ, ಅದನ್ನು ಇಸ್ತ್ರಿ ಹಾಕಿ ಅಳಿಸುತ್ತಾರೆ. ನಮ್ಮ ಊರುಗಳಲ್ಲಿ ಅದರಿಂದ ತೊಂದರೆ ಕಡಿಮೆ. ಆದರೆ ಮಂಜು ಬೀಳುವ ದೇಶದಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸುವ ಬಟ್ಟೆಗೆ ಅದು ಬೇಡ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಅಳಿಸಿದ ಗೆರೆ ಮತ್ತೆ ಮೂಡಬಹುದು. ಆಫೀಸಿನ ನೀಲಿ-ಕಪ್ಪು ಕಾರ್ಬನ್ ಹಾಳೆಯನ್ನಂತೂ ಹತ್ತಿರವೂ ಸೇರಿಸಬೇಡಿ, ಆ ಮಸಿ ಒಗೆದರೂ ಹೋಗದೆ ದಾರಕ್ಕೂ ಹತ್ತುತ್ತದೆ. ಮುಂದೆ ಎಂದಾದರೂ ಗಾಢ ಬಣ್ಣದ ಬಟ್ಟೆಯ ಮೇಲೆ ಮಾಡುವುದಾದರೆ ಬೆಳಕು ತೂರುವುದಿಲ್ಲ. ಆಗ ಹಳದಿ ಟೈಲರಿಂಗ್ ಕಾರ್ಬನ್ ಬಳಸಿ. ಇಲ್ಲವೇ ಬ್ಲೌಸಿಗೆ ಆರಿ ವರ್ಕ್ ಮಾಡುವವರ ದಾರಿ ಇದೆ: ಟ್ರೇಸಿಂಗ್ ಪೇಪರಿನ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಜಿಂಕ್ ಪುಡಿಯನ್ನು ಬಟ್ಟೆ ಉಂಡೆಯಿಂದ ಮೇಲೆ ಉಜ್ಜುತ್ತಾರೆ.

ಟ್ರೇಸ್ ಮಾಡುವಾಗ ಎರಡು ಸಲ ಎಳೆದ ಗೆರೆಯನ್ನು ಎರಡಾಗಿಯೇ ಎಳೆಯಿರಿ, ಕೂಡದಿದ್ದ ತುದಿಗಳನ್ನು ಹಾಗೇ ಬಿಡಿ. ಕ್ರೇಯಾನ್ ತುಂಬಿದ ಜಾಗವನ್ನು ಟ್ರೇಸ್ ಮಾಡುವ ಅಗತ್ಯವಿಲ್ಲ, ಹೊರಗೆರೆ ದಾಟಿ ಬಣ್ಣ ಎಲ್ಲೆಲ್ಲಿ ಚೆಲ್ಲಿದೆ ಎನ್ನುವುದಕ್ಕೆ ಮಾತ್ರ ಸಣ್ಣ ಗುರುತು ಹಾಕಿಕೊಳ್ಳಿ. ಇದಾದ ಮೇಲೆ ಹಳೇ ಮೆತ್ತನೆ ಕಾಟನ್ ಸೀರೆಯ ತುಂಡೊಂದನ್ನು ಬಟ್ಟೆಯ ಹಿಂದೆ ಇಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕಿ. ಹಿಂದಿನ ದಾರ ಮುಂದಕ್ಕೆ ನೆರಳು ಬೀಳುವುದಿಲ್ಲ, ಹೊಲಿಗೆಯೂ ತುಂಬಿಕೊಂಡು ಕೂರುತ್ತದೆ. ಅತ್ತೆಯವರದೇ ಹಳೇ ಸೀರೆ ಸಿಕ್ಕಿದರೆ ಅದನ್ನೇ ಹಾಕಿ, ಹೇಳದೆ ಕೇಳದೆ ಮಾತ್ರ ಕತ್ತರಿಸಬೇಡಿ.

ದಾರ ಆಂಕರ್ ಬ್ರ್ಯಾಂಡಿನ ಥರದ ಕಾಟನ್ ಲಡಿ. ಒಂದು ಲಡಿಯಲ್ಲಿ 8 ಮೀಟರ್, ಅದರಲ್ಲಿ ಆರು ಎಳೆ. ಒಂದು ಮೊಳದಷ್ಟು, ಅಂದರೆ ಸುಮಾರು 18 ಇಂಚು ಕತ್ತರಿಸಿಕೊಳ್ಳಿ. ಪದೇ ಪದೇ ಪೋಣಿಸುವುದು ಯಾರಿಗೆ ಬೇಕು ಎಂದು ಉದ್ದ ತೆಗೆದುಕೊಂಡರೆ ದಾರ ಜುಂಗಾಗಿ ಗಂಟು ಬೀಳುತ್ತದೆ. ಎಳೆ ಬೇರ್ಪಡಿಸುವಾಗ ಒಂದೊಂದನ್ನೇ ಮೇಲಕ್ಕೆ ನೇರವಾಗಿ ಎಳೆದು ತೆಗೆದು, ಬೇಕಾದಷ್ಟನ್ನು ಮತ್ತೆ ಪಕ್ಕಪಕ್ಕ ಜೋಡಿಸಿ ಪೋಣಿಸಿ. ಒಟ್ಟಿಗೆ ಎರಡೆಳೆ ಕಿತ್ತರೆ ಹೊಸೆದುಕೊಂಡೇ ಬರುತ್ತವೆ, ಹೊಲಿಗೆ ತೆಳ್ಳಗೆ ಕಾಣುತ್ತದೆ.

ಎಷ್ಟು ಎಳೆ ಎನ್ನುವುದನ್ನು ಮಗು ಯಾವುದರಲ್ಲಿ ಬರೆದಿದೆ ಎನ್ನುವುದು ಹೇಳುತ್ತದೆ. ಪೆನ್ಸಿಲ್ ಗೆರೆಗೆ ಒಂದೆಳೆ, ಸ್ಕೆಚ್ ಪೆನ್ನಿಗೆ ಎರಡು, ಒತ್ತಿ ಎಳೆದ ಕ್ರೇಯಾನಿಗೆ ಮೂರು. ಎಲ್ಲದಕ್ಕೂ ಒಂದೇ ದಪ್ಪ ಹಾಕಿದರೆ ಚಿತ್ರ ಸತ್ತಹಾಗೆ ಕಾಣುತ್ತದೆ. ಸೂಜಿಗೆ ನಂಬರ್ ಹೆಚ್ಚಾದಷ್ಟೂ ಸಣ್ಣ. ಒಂದೆರಡು ಎಳೆಗೆ 9, ಮೂರಕ್ಕೆ 7 ಸರಿಹೋಗುತ್ತದೆ.

ಬಣ್ಣ ಆರಿಸಲು ಹಗಲು ಹೊತ್ತಿನಲ್ಲಿ ಹೋಗಿ, ಕಾಪಿ ಜೊತೆಗಿರಲಿ. ಮೊಬೈಲಿನ ಫೋಟೋ ನೋಡಿ ಆರಿಸಿದ ಕೆಂಪು ಮನೆಗೆ ಬಂದರೆ ಬೇರೆಯೇ ಕೆಂಪು. ಇನ್ನೊಂದು ಸಂಗತಿ ತುಂಬ ಜನ ಗಮನಿಸುವುದಿಲ್ಲ: ಕ್ರೇಯಾನಿನ ಕೆಂಪು ಹಾಳೆಯ ಬಿಳುಪಿನೊಂದಿಗೆ ಬೆರೆತು ಕಣ್ಣಿಗೆ ಬೀಳುತ್ತದೆ, ದಾರದ ಕೆಂಪು ಇಡಿಯಾಗಿ ಬೀಳುತ್ತದೆ. ಕಡ್ಡಿಯ ಬಣ್ಣಕ್ಕೆ ಸರಿಯಾದ ದಾರ ತಂದು ಒತ್ತಾಗಿ ತುಂಬಿದರೆ ಸೀರೆಯೊಂದೇ ಎದ್ದು ಕುಣಿಯುತ್ತದೆ. ಅದಕ್ಕೇ ಬಿಡಿಬಿಡಿಯಾಗಿ ತುಂಬಬೇಕು. ಹಳದಿಗೆ ಇದರ ತಿರುಗುಮುರುಗು: ಕೆನೆ ಬಣ್ಣದ ಬಟ್ಟೆಯ ಮೇಲೆ ತಿಳಿ ಹಳದಿ ಕಾಣುವುದೇ ಇಲ್ಲ, ಸೂರ್ಯನಿಗೆ ಅರಿಶಿನದ ಹಳದಿ ತನ್ನಿ. ಕೆಂಪಿನದು ಒಂದೇ ಲಾಟಿನ, ಅಂದರೆ ಒಟ್ಟಿಗೆ ಬಣ್ಣ ಹಾಕಿದ, ಎರಡು ಲಡಿ ತಂದಿಡಿ. ಮನೆಗೆ ಬಂದ ಮೇಲೆ ಕೆಂಪು, ಕಪ್ಪು, ಕಡುನೀಲಿ ದಾರದ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಲಡಿ ಬದಲಿಸಿ.

ರಿಂಗ್ 8 ಇಂಚಿನದು ಸಾಕು. ಡೋಲಿನ ಚರ್ಮದಂತೆ ಬಿಗಿ ಇರಲಿ, ಆ ದಿನದ ಕೆಲಸ ಮುಗಿದ ಕೂಡಲೇ ಬಿಚ್ಚಿಡಿ, ಇಲ್ಲದಿದ್ದರೆ ವೃತ್ತದ ಗುರುತು ಕೂರುತ್ತದೆ. ಶುರುವಿನಲ್ಲಿ ಗಂಟು ಹಾಕಬೇಡಿ. ಎರಡಿಂಚು ದಾರ ಹಿಂದೆ ಬಿಟ್ಟು, ಆಮೇಲೆ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮುಗಿಸಿ. ಕಪ್ಪು ದಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಖಾಲಿ ಬಟ್ಟೆಯ ಹಿಂದೆ ಎಳೆದುಕೊಂಡು ಹೋಗಬೇಡಿ, ಸೋಮಾರಿತನ ಮುಂದಿನಿಂದ ಕಾಣುತ್ತದೆ.

ಹೊರಗೆರೆಗೆ ಬ್ಯಾಕ್ ಸ್ಟಿಚ್. ಎರಡೆಳೆ ಕಪ್ಪು, ಹೊಲಿಗೆ 2ರಿಂದ 3 ಮಿಲಿಮೀಟರ್, ತಿರುವಿನಲ್ಲಿ ಇನ್ನೂ ಸಣ್ಣದು. ಪುಸ್ತಕಗಳು ಹೊರಗೆರೆಗೆ ಹಗ್ಗ ಹೊಸೆದಂತೆ ಕಾಣುವ ಸ್ಟೆಮ್ ಸ್ಟಿಚ್ ಹೇಳುತ್ತವೆ, ಹೂವಿನ ಬಳ್ಳಿಗೆ ಅದು ಸೊಗಸು. ಆದರೆ ಅದರ ಗುಣವೇ ನುಣುಪು. ಮಗುವಿನ ಕೈ ಜರ್ರನೆ ತಿರುಗಿದ ಮೂಲೆಯನ್ನು ಅದು ಉರುಟು ಮಾಡುತ್ತದೆ. ಬ್ಯಾಕ್ ಸ್ಟಿಚ್ ಪ್ರತಿ ನಡುಕವನ್ನೂ ಇದ್ದಂತೆ ಹಿಡಿಯುತ್ತದೆ. ನಿಮಗೆ ಸ್ಟೆಮ್ ಬಾರದಿರುವುದು ಇಲ್ಲಿ ಒಳ್ಳೆಯದೇ ಆಯಿತು.

ತುರುಬಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂಥ ಚಿತ್ರಗಳಲ್ಲಿ ಎಲ್ಲರೂ ಕೆಡಿಸುವುದು ಅದನ್ನೇ. ಮಗು ತುರುಬು ಬರೆಯುವಾಗ ಸಾಮಾನ್ಯವಾಗಿ ಕ್ರೇಯಾನ್ ಎತ್ತದೆ ಗರಗರ ಸುತ್ತುತ್ತದೆ. ನಾವು ಅದನ್ನು ಕಪ್ಪು ಉಂಡೆ ಎಂದು ನೋಡಿ ಸ್ಯಾಟಿನ್ (ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಹಾಕುವ ಉದ್ದ ಹೊಲಿಗೆ) ತುಂಬಲು ಹೋಗುತ್ತೇವೆ, ಅದು ಬಟ್ಟೆಗೆ ಹೊಲಿದ ಗುಂಡಿಯಾಗುತ್ತದೆ. ಕಾಪಿಯನ್ನು ಹತ್ತಿರ ಹಿಡಿದು ನೋಡಿ. ಸುತ್ತು ಶುರುವಾದ ಕಡೆ ಬಣ್ಣ ದಪ್ಪಗೆ ಒತ್ತಿರುತ್ತದೆ, ಕೊನೆಯಲ್ಲಿ ಕೈ ಎತ್ತುವಾಗ ಗೆರೆ ತೆಳುವಾಗಿ ಹೊರಗೆ ಹಾರಿರುತ್ತದೆ. ಹೊರಗಿನ ನಾಲ್ಕೈದು ಸುತ್ತು ಮಾತ್ರ ಬಟ್ಟೆಗೆ ಇಳಿಸಿಕೊಳ್ಳಿ, ಉಳಿದದ್ದನ್ನು ಕಣ್ಣಂದಾಜಿನಲ್ಲಿ ಹೊಲಿಯಿರಿ. ಅವಳು ಶುರು ಮಾಡಿದ ಕಡೆಯಿಂದಲೇ ನೀವೂ ಶುರು ಮಾಡಿ, ಅವಳ ಕೈ ಸುತ್ತಿದ ದಿಕ್ಕಿನಲ್ಲೇ ಚೈನ್ ಸ್ಟಿಚ್ ಹಾಕುತ್ತಾ ಹೋಗಿ. ಸರಪಳಿಯ ಮೇಲೆ ಸರಪಳಿ ಹಾದುಹೋದರೆ ಹೋಗಲಿ, ಕ್ರೇಯಾನೂ ಹಾಗೇ ಹೋಗಿದೆ. ಮೂರೆಳೆಯಲ್ಲಿ ಶುರು ಮಾಡಿ, ಒಳಸುತ್ತುಗಳಿಗೆ ಎರಡೆಳೆ, ಕೊನೆಗೆ ಹಾರಿದ ಬಾಲಕ್ಕೆ ಒಂದೇ ಎಳೆಯ ಬ್ಯಾಕ್ ಸ್ಟಿಚ್. ಆ ಬಾಲವನ್ನು ಮಾತ್ರ ಬಿಡಬೇಡಿ. ಕ್ರೇಯಾನ್ ಎತ್ತಿದಾಗಿನ ಅವಳ ಅವಸರ ಕಾಣುವುದು ಅದರಲ್ಲೇ.

ಸೀರೆಯ ಕೆಂಪಿಗೆ ಕೌದಿ ಹೊಲಿಗೆ. ಎರಡನೇ ಕಾಪಿಯ ಮೇಲೆ ಕ್ರೇಯಾನ್ ಹೋದ ದಿಕ್ಕುಗಳಿಗೆ ಪೆನ್ಸಿಲ್ಲಿನಲ್ಲಿ ಬಾಣ ಹಾಕಿಕೊಂಡು ಎದುರಿಗೆ ಇಟ್ಟುಕೊಳ್ಳಿ. ಮಕ್ಕಳು ಬಹಳ ಸಲ ಮೇಲಿಂದ ಕೆಳಗೆ ತುಂಬುತ್ತಾ ಬಂದು, ಬೇಜಾರಾಗಿ, ಮಧ್ಯದಲ್ಲಿ ಓರೆಗೆ ತಿರುಗಿಸಿ ಬೇಗ ಬೇಗ ಮುಗಿಸಿರುತ್ತಾರೆ. ನಿಮ್ಮ ಸಾಲುಗಳೂ ಅಲ್ಲೇ ತಿರುಗಲಿ. ಎರಡೆಳೆ, ಮೇಲೆ ಕಾಣುವ ಹೊಲಿಗೆ 4ರಿಂದ 5 ಮಿಲಿಮೀಟರ್, ಮಧ್ಯೆ 2 ಮಿಲಿಮೀಟರ್ ಬಿಡುವು, ಸಾಲಿನಿಂದ ಸಾಲಿಗೆ 2ರಿಂದ 3 ಮಿಲಿಮೀಟರ್. ಅವಳು ಒತ್ತಿದ ಕಡೆ ಸಾಲು ಹತ್ತಿರ ತನ್ನಿ, ಹಾಳೆ ಬಿಳಿ ಬಿಟ್ಟ ಕಡೆ ನೀವೂ ಬಿಡಿ. ಹೊರಗೆರೆ ದಾಟಿ ಚೆಲ್ಲಿದ ಕೆಂಪನ್ನು ಕಪ್ಪು ಹೊಲಿಗೆಯ ಮೇಲೆಯೇ ದಾಟಿಸಿ ಹೊಲಿಯಿರಿ. ಇಲ್ಲಿ ಕೈ ಹಗುರ ಇರಬೇಕು. ರನ್ನಿಂಗ್ ಹೊಲಿಗೆ ಎಳೆದರೆ ನೆರಿಗೆಯಾಗುತ್ತದೆ, ಪ್ರತಿ ಸಾಲು ಮುಗಿದಾಗ ಬೆರಳಲ್ಲಿ ಸವರಿ ಸಡಿಲಿಸಿ. ಇದೇ ಕ್ರಮ ಕೋಳಿಗೂ ಕಟ್ಟೆಗೂ. ತುಳಸಿ ಎಲೆಗೆ ಒಂದೊಂದು ಬಿಡಿ ಚೈನ್ ಕುಣಿಕೆ ಸಾಕು, ತುದಿಗೆ ಸಣ್ಣ ಹೊಲಿಗೆ ಹಾಕಿ ಹಿಡಿದುಬಿಡಿ.

ಸ್ಯಾಟಿನ್ ಕಲಿಯಬೇಕೇ ಎಂದು ಯಾರಾದರೂ ಕೇಳಿದರೆ, ದಿಂಬಿಗೆ ಬೇಡ ಎನ್ನುತ್ತೇನೆ. ಒಂದು ಸೆಂಟಿಮೀಟರಿಗಿಂತ ಅಗಲದ ಸ್ಯಾಟಿನ್ ಬಳೆಗೆ, ಉಂಗುರಕ್ಕೆ ಸಿಕ್ಕಿ ಎಳೆಯುತ್ತದೆ, ತಿಂಗಳೊಳಗೆ ಜೋಲು ಬೀಳುತ್ತದೆ.

ಒಂದು ಹೊಸ ಹೊಲಿಗೆ ಕಲಿಯಲೇಬೇಕೆಂದರೆ ಕಣ್ಣುಗಳಿಗಾಗಿ ಫ್ರೆಂಚ್ ನಾಟ್. 5 ಮಿಲಿಮೀಟರಿಗಿಂತ ಸಣ್ಣ ದುಂಡನ್ನು ಹೊಲಿಗೆಯಲ್ಲಿ ಸುತ್ತು ಹಾಕಿ ಮಾಡುವುದು ವ್ಯರ್ಥ ಸಾಹಸ. ಎರಡೆಳೆ ದಾರ ಮೇಲೆ ತಂದು, ಬಟ್ಟೆಯ ಹತ್ತಿರ ಹಿಡಿದು ಸೂಜಿಗೆ ಎರಡು ಸುತ್ತು ಸುತ್ತಿ, ಬಂದ ತೂತಿಗಲ್ಲದೆ ಅದರ ಪಕ್ಕದ ಎಳೆಗೆ ಸೂಜಿ ಇಳಿಸಿ. ದಾರವನ್ನು ಎಡಗೈಯಲ್ಲಿ ಕೊನೆಯವರೆಗೂ ಹಿಡಿದೇ ಇರಿ. ಬಂದ ತೂತಿಗೇ ಇಳಿಸಿದರೆ ಗಂಟು ಹಿಂದಕ್ಕೆ ಜಾರಿ ಮಾಯ. ಬೇರೆ ತುಂಡಿನ ಮೇಲೆ ಅಭ್ಯಾಸ ಮಾಡಿಕೊಂಡು ಆಮೇಲೆ ಅತ್ತೆಯವರ ಮುಖಕ್ಕೆ ಬನ್ನಿ.

‘ಅಜ್ಜಿ’ ಅಕ್ಷರಗಳಿಗೆ ಎರಡೆಳೆ ಬ್ಯಾಕ್ ಸ್ಟಿಚ್, 2 ಮಿಲಿಮೀಟರ್. ಒತ್ತು ‘ಅ’ ಅಕ್ಷರದ ಕೆಳಗೇ. ನೋಡಿದವರು ನಿಮಗೆ ಕನ್ನಡ ಬರುವುದಿಲ್ಲ ಎಂದುಕೊಂಡಾರು ಎಂಬ ಅಳುಕಿದ್ದರೆ, ಮೂಲೆಯಲ್ಲಿ ಒಂದೆಳೆಯಲ್ಲಿ ಮಗಳ ಹೆಸರು, ‘5 ವರ್ಷ’ ಮತ್ತು ಇಸವಿ ಹೊಲಿದುಬಿಡಿ. ಮಗಳಿಗೂ ಕೈ ಹಾಕುವ ಆಸೆ ಇದ್ದರೆ ಸೂರ್ಯನ ಕಿರಣ ಅವಳಿಗೆ ಬಿಡಿ: ನೀವು ರಿಂಗ್ ಹಿಡಿದುಕೊಳ್ಳಿ, ಅವಳು ಮೇಲಿಂದ ಸೂಜಿ ಇಳಿಸಲಿ, ನೀವು ಕೆಳಗಿನಿಂದ ಎಳೆದುಕೊಂಡು ಮತ್ತೆ ಮೇಲಕ್ಕೆ ಕೊಡಿ.

ಸಮಯದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಮೊದಲು ಇಡೀ ಚಿತ್ರದ ಹೊರಗೆರೆ, ಅಕ್ಷರ, ಕಣ್ಣು ಮುಗಿಸಿ. ದಿನಕ್ಕೆ ಒಂದು ಗಂಟೆ ಕೂತರೂ ಒಂದೆರಡು ವಾರದಲ್ಲಿ ಆಗುವಂಥದ್ದು. ಆಮೇಲೆ ಸೀರೆ, ಆಮೇಲೆ ಉಳಿದದ್ದು. ಮಧ್ಯೆ ಜ್ವರ, ಪರೀಕ್ಷೆ, ನೆಂಟರು ಏನು ಬಂದರೂ, ಹೊರಗೆರೆ ಮತ್ತು ಕೆಂಪು ಸೀರೆ ಇದ್ದರೆ ಚಿತ್ರ ನಿಲ್ಲುತ್ತದೆ, ಆಕಾಶದ ಪಟ್ಟಿ ಇಲ್ಲದಿದ್ದರೂ ನಡೆಯುತ್ತದೆ.

ಎಲ್ಲ ಮುಗಿದ ಮೇಲೆ ತಣ್ಣೀರಿನಲ್ಲಿ, ಸೋಪಿಲ್ಲದೆ, ನೀಲಿ ಗುರುತು ಪೂರ್ತಿ ಹೋಗುವ ತನಕ ನೆನೆಸಿ ಜಾಲಿಸಿ. ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಣಗುವಾಗ ನೀಲಿ ಮತ್ತೆ ಮೇಲೆ ಬರುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆಯಿರಿ, ನೆರಳಲ್ಲಿ ಒಣಗಿಸಿ, ದಪ್ಪ ಟವೆಲಿನ ಮೇಲೆ ಕವುಚಿ ಹಾಕಿ ಹಿಂದಿನಿಂದ ಇಸ್ತ್ರಿ ಮಾಡಿ. ಟೈಲರಿಗೆ ಕೊಡುವಾಗ ಚಿತ್ರದ ನಡು ಎಲ್ಲಿ ಬರಬೇಕೆಂದು ದಾರದಲ್ಲಿ ಗುರುತು ಹಾಕಿ ಕೊಡಿ. ಜಿಪ್ಪನ್ನು ಕೆಳಗಿನ ಅಂಚಿಗೆ ಇಡಿಸಿ. ದಿಂಬು ತೆಗೆದು ಕವರನ್ನಷ್ಟೇ ಕೈಯಲ್ಲಿ ಒಗೆಯಲು ಬರಬೇಕು.

ಮೂಲ ಚಿತ್ರವನ್ನು ಗೋಡೆಗೆ ಹಾಕುವ ಯೋಚನೆಯಿದ್ದರೆ ಕಾಪಿಯನ್ನೇ ಹಾಕಿ. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಮಾಸುತ್ತದೆ, ಕ್ರೇಯಾನಿನ ಮೇಣ ಬೇಸಿಗೆಯ ಸೆಕೆಗೆ ಎದುರಿನ ಹಾಳೆಗೆ ಅಂಟುತ್ತದೆ. ಮೇಲೊಂದು ಬಟರ್ ಪೇಪರ್ ಹಾಕಿ, ಮಡಚದೆ, ಫೈಲಿನಲ್ಲಿ ಸಪಾಟಾಗಿ ಇಟ್ಟು ಬೀರುವಿನಲ್ಲಿ ಇಡಿ.